ಶಾಲಿನೊಳಗಿನ ಸಾಹೇಬರು

ಕೇಳಿ. ಒಂದಾನೊಂದು ಊರಿತ್ತು. ಊರಿನ ನಾಮಫಲಕಕ್ಕೆ ಎಮ್ಮೆಯೊಂದು ಮೈ ಉಜ್ಜಿ ಉಜ್ಜಿ ಅಕ್ಷರವೆಲ್ಲ ಅದರ ಪಕ್ಕೆಗೆ ಅಂಟಿಕೊಂಡು ಹೋಗಿತ್ತು. ಊರು ಹುಡುಕುವವರು ಎಮ್ಮೆ ಹುಡುಕಬೇಕಿತ್ತು. ಆ ಊರಿನಲ್ಲಿ ಕುಂಬಾರರ ಸಂಘವಿತ್ತು. ದೊಡ್ಡಲಿಂಗ ಶೆಟ್ಟರು ಅದರ ಅಧ್ಯಕ್ಷರು. ತಿಮ್ಮಾಜಮ್ಮ ಬರೀ ಸದಸ್ಯೆ.

ಒಂದು ದಿನ ಕೆರೆಗೆ ಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿಗೆ ಬೀಗ ಬಂತು. ಬೀಗದ ಕೈ ಮಣ್ಣಿನ ಇಲಾಖೆಯ ಸಾಹೇಬರ ಹತ್ತಿರ. ಜೇಡಿಮಣ್ಣು ಒಳಗೆ, ತಿಮ್ಮಾಜಮ್ಮ ಹೊರಗೆ. ಬೇಸಿಗೆ ಬಾಗಿಲಿಗೆ ಬಂದಿತ್ತು. ಈಗ ಮಡಕೆ ಮಾಡದಿದ್ದರೆ ವರ್ಷವಿಡೀ ಅವಳ ಒಲೆ ಉರಿಯುವುದಿಲ್ಲ.

"ನಡೀರಿ ಶೆಟ್ಟರೇ, ಹೋಗಿ ಕೇಳೋಣ."

"ಹಾಗೆಲ್ಲ ಕೇಳಬಾರದು ಕಣಮ್ಮ. ಅಧಿಕಾರಿಗಳ ಹತ್ತಿರ ಮಾತಾಡೋಕೆ ಮೊದಲು ಸನ್ಮಾನ ಮಾಡಬೇಕು. ಸಂಘದ ಪದ್ಧತಿ."

ಹೋದರು. ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದರು. ಫೋಟೊ ತೆಗೆಸಿಕೊಂಡರು. ಆ ಸಂತೋಷದಲ್ಲಿ ಬೀಗದ ಮಾತು ಮರೆತು ಬಂದರು. ಮರುದಿನವೂ ಹೋದರು, ಹೊದಿಸಿದರು, ಮರೆತರು. ಹೋದರು, ಹೊದಿಸಿದರು, ಮರೆತರು. ಕೊನೆಗೆ ಸಾಹೇಬರೇ ಕಾಣದಾದರು. ಕುರ್ಚಿಯ ಮೇಲೆ ಶಾಲಿನ ಗಂಟೊಂದು ಕೂತಿತ್ತು.

"ಸ್ವಾಮಿ, ಬೀಗದ ಕೈ..." ಎಂದಳು ತಿಮ್ಮಾಜಮ್ಮ.

"ನಾನು ನಿನ್ನೆ ಬಂದವನು," ಎಂದಿತು ಎಲ್ಲಕ್ಕಿಂತ ಮೇಲಿನ ಶಾಲು. "ಕೆಳಗಿನವರನ್ನು ಕೇಳಿ ಹೇಳಬೇಕು."

"ಕೇಳಿ ಹೇಳಪ್ಪ ಹಾಗಾದರೆ."

"ನನಗಿನ್ನೂ ಸನ್ಮಾನವೇ ಆಗಿಲ್ಲವಲ್ಲ?"

"ನ್ಯಾಯವಾದ ಮಾತು," ಎಂದು ಶೆಟ್ಟರು ಆ ಶಾಲಿಗೊಂದು ಶಾಲು ಹೊದಿಸಿದರು.

ಸನ್ಮಾನವಾದ ಶಾಲು ಒಳಗೆ ಏನೋ ಗೊಣಗಿತು. ಮೇಲೆ ಹೊಸ ಶಾಲಿದ್ದದ್ದರಿಂದ ಕೇಳಿಸಲಿಲ್ಲ.

"ಏನಂತೆ?" ಎಂದು ತಿಮ್ಮಾಜಮ್ಮ ಹೊಸ ಶಾಲನ್ನು ಕೇಳಿದಳು.

"ನಾನು ಈಗ ತಾನೇ ಬಂದವನು," ಎಂದಿತು ಅದು.

ತಿಮ್ಮಾಜಮ್ಮನಿಗೆ ತಲೆ ಕೆಟ್ಟುಹೋಯಿತು. ಹೊದಿಸಿದರೆ ಉತ್ತರ ಬರುತ್ತದೆ, ಕೇಳಿಸುವುದಿಲ್ಲ. ಹೊದಿಸದಿದ್ದರೆ ಕೇಳಿಸುತ್ತದೆ, ಉತ್ತರ ಬರುವುದಿಲ್ಲ. ತಾನು ನಿಂತಿರುವುದು ಕಚೇರಿಯಲ್ಲೋ, ಬಟ್ಟೆ ಅಂಗಡಿಯಲ್ಲೋ?

"ಎಲ್ಲಾ ಕಿತ್ತು ಬಿಸಾಕಿಬಿಡಲಾ ಶೆಟ್ಟರೇ?"

"ಅಯ್ಯಯ್ಯೋ! ಹೊದಿಸಿದ್ದನ್ನು ನಾವೇ ತೆಗೆದರೆ ಅವಮಾನ!"

ತಲೆ ಕೆಟ್ಟಾಗ ಅವಳಿಗೆ ಬರುವುದು ಒಂದೇ ಕೆಲಸ. ಮಡಕೆ ಮಾಡುವ ತಿಗರಿ ತಂದಳು. ಗಂಟನ್ನು ಅದರ ಮೇಲೆ ಕೂರಿಸಿದಳು. ಗಿರ್ರನೆ ತಿರುಗಿಸಿದಳು. ಶಾಲುಗಳು ತಾವೇ ಎದ್ದು ಹಾರತೊಡಗಿದವು. "ನನಗೆ ವರ್ಗವಾಯಿತು," ಎಂದಿತು ಒಂದು. "ನನಗೂ," ಎಂದಿತು ಇನ್ನೊಂದು. ಯಾರೂ ತೆಗೆಯಲಿಲ್ಲವಾದ್ದರಿಂದ ಯಾರಿಗೂ ಅವಮಾನವಾಗಲಿಲ್ಲ.

ನಡುವೆ ಸಾಹೇಬರು ಸಿಕ್ಕರು. ಕತ್ತು ಹೂಜಿಯ ಕತ್ತಿನಂತೆ ಉದ್ದವಾಗಿತ್ತು. ಅದು ಬಿಟ್ಟರೆ ಕ್ಷೇಮ.

"ಸ್ವಾಮಿ, ಕೆರೆಯ ಬೀಗದ ಕೈ ಕೊಡಿ. ಜೇಡಿಮಣ್ಣು ಬೇಕು."

"ಇಷ್ಟೇನಾ? ಮೊದಲನೇ ದಿನವೇ ಹೇಳಬಾರದಿತ್ತೇನಮ್ಮ?" ಎಂದು ಸಾಹೇಬರು ಜೇಬಿನಿಂದ ಬೀಗದ ಕೈ ತೆಗೆದು ಚಾಚಿದರು.

ಶೆಟ್ಟರ ಕಣ್ಣು ತುಂಬಿ ಬಂತು. "ಎಂಥಾ ಅಧಿಕಾರಿ!" ಎಂದು ಕೆಳಗೆ ಬಿದ್ದಿದ್ದ ಶಾಲೊಂದನ್ನು ಎತ್ತಿ ಹೊದಿಸಿಯೇಬಿಟ್ಟರು. ಚಾಚಿದ ಕೈ ಒಳಗೆ ಹೋಯಿತು. ಜೊತೆಗೆ ಬಂದಿದ್ದ ಸಂಘದ ಸದಸ್ಯರು ಚಪ್ಪಾಳೆ ತಟ್ಟಿದರು.

"ಬೀಗದ ಕೈ ಎಲ್ಲಿ?" ಎಂದಳು ತಿಮ್ಮಾಜಮ್ಮ.

"ನಾನು ಈಗ ತಾನೇ ಬಂದವನು," ಎಂದಿತು ಶಾಲು.

ತಿಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಶೆಟ್ಟರನ್ನೂ ಸಾಹೇಬರ ಜೊತೆ ತಿಗರಿಯ ಮೇಲೆ ಕೂರಿಸಿದಳು. ತಿರುಗಿಸಿದಳು. ಈ ಸಲ ಎಲ್ಲಕ್ಕಿಂತ ಮೊದಲು ಹಾರಿ ಬಂದದ್ದು ಬೀಗದ ಕೈ. ಅವಳು ಅದನ್ನು ಹಿಡಿದು, ಹಿಂದಿರುಗಿ ನೋಡದೆ, ಕೆರೆಯ ಕಡೆ ಓಡಿದಳು. ತಿಗರಿ ನಿಲ್ಲಿಸುವುದು ಮರೆತೇಹೋಯಿತು.

ಇದರ ನೀತಿ: ಅಧಿಕಾರಿಗಳನ್ನು ಕಾಣಲು ಹೋಗುವ ಸಂಘದವರು, ಮಾತು ಮುಗಿಯುವ ತನಕ ಅಧ್ಯಕ್ಷರ ಎರಡೂ ಕೈ ಭದ್ರವಾಗಿ ಹಿಡಿದುಕೊಂಡಿರಬೇಕು.

ಶಾಲು ಅವರ ಮೈಗೆ, ಮಣ್ಣು ಅವಳ ಕೈಗೆ, ಕತೆ ನಿಮ್ಮ ಕಿವಿಗೆ. ತಿಗರಿ ಇನ್ನೂ ತಿರುಗುತ್ತಿದೆ.