ಕೂಗು ನುಂಗುವ ಮಡಕೆ

ಗೆದ್ದಲಕೋಟೆ ಅಂತ ಒಂದು ರಾಜ್ಯ ಇತ್ತು. ಈಗ ಎಲ್ಲಿದೆ ಅಂತ ಕೇಳಬೇಡಿ, ಗೆದ್ದಲು ತಿಂದು ಮುಗಿಸಿತು.

ಆ ಕೋಟೆಗೆ ಒಂದೇ ಬಾಗಿಲು. ಬಾಗಿಲ ಪಕ್ಕ ಒಂದು ಕಲ್ಲು. ಕಲ್ಲಿನ ಮೇಲೆ ರಾಜ ಕೆತ್ತಿಸಿದ ಮೂರು ಕಟ್ಟಳೆ. ಮನೆಮನೆಗೆ ತಿರುಗಿ ಮಾರುವವನು ಯಾರೇ ಇರಲಿ, ಮುಂಗೈ ಮೇಲೆ ಮುದ್ರೆ ಒತ್ತಿಸಿಕೊಳ್ಳಬೇಕು. ಯಾವ ಮನೆಯ ಹೊಸ್ತಿಲನ್ನೂ ದಾಟಬಾರದು. ದೀಪ ಹಚ್ಚುವ ಹೊತ್ತಿಗೆ ಕೋಟೆಯಿಂದ ಆಚೆ ಇರಬೇಕು.

ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಹಿಂದೆ ಒಬ್ಬ ಗಂಟು ಹೊತ್ತು ಬಂದಿದ್ದ. ಕೂಗಲಿಲ್ಲ, ಬರೀ ಕದ ಬಡಿದ. ಮೂರು ಮನೆಯವರು ಪಾಪ ಅಂತ ಒಳಗೆ ಕರೆದರು. ಬೆಳಗ್ಗೆ ನೋಡಿದರೆ ಮೂರು ಮನೆಯಲ್ಲೂ ಒಲೆ ಉರಿಯುತ್ತಿತ್ತು, ಅನ್ನ ಬೇಯುತ್ತಿತ್ತು, ಉಣ್ಣುವವರು ಮಾತ್ರ ಇರಲಿಲ್ಲ. ಅವತ್ತಿನಿಂದ ಊರಲ್ಲಿ ಒಂದು ರೂಢಿ. ಕೂಗಿದರೆ ಮನುಷ್ಯ, ಕದ ತೆಗೆದು, "ಮುದ್ರೆ ತೋರಿಸು" ಅಂತ ಕೇಳಿ, ಆಮೇಲೆ ವ್ಯಾಪಾರ. ಕೂಗದೆ ಬಡಿದರೆ ಅದು ಬೇರೆ. ಅದಕ್ಕೆ ಕದ ತೆಗೆಯಬಾರದು.

ಮುದ್ರೆ ಒತ್ತುವವನು ಜಂಬಯ್ಯ. ಹೊಟ್ಟೆ ಮುಂದೆ, ಅವನು ಹಿಂದೆ. ಬಾಗಿಲ ಪಕ್ಕದ ಕಟ್ಟೆ ಅವನದು, ಕಟ್ಟೆಗೆ ಅಂಟಿದ ಮನೆ ಅವನದು, ಮನೆಯ ಜಗಲಿ ಮೇಲಿನ ಅಂಗಡಿಯೂ ಅವನದೇ. ಆದರೆ ಉಪ್ಪು, ಬಳೆ, ಚಾಪೆ ಎಲ್ಲ ಮನೆ ಬಾಗಿಲಿಗೇ ಬರುವಾಗ ಅವನ ಮುಖ ನೋಡಲು ಯಾರು ಹೋದಾರು?

ಒಂದು ದಿನ ಅವನು ಎಲ್ಲಿಂದಲೋ ನಾಲ್ಕು ಕರೀ ಮಡಕೆಗಳನ್ನು ತಂದ. ಸುಡುಗಾಡಿನ ಬೂದಿ ವಾಸನೆ ಹೊಡೆಯುತ್ತಿತ್ತು. ಸಾಲಾಗಿ ಕಟ್ಟೆ ಮೇಲೆ ಜೋಡಿಸಿದ.

ಮೊದಲು ಬಳೆಗಾರ ಬಂದ. ಜಂಬಯ್ಯ ಅವನ ಮುಂಗೈಗೆ ಮುದ್ರೆ ಒತ್ತಿ ಒಂದು ಮಡಕೆ ಮುಂದಿಟ್ಟ. "ಬೀದೀಲಿ ಹೆಂಗೆ ಕೂಗ್ತೀಯೋ ಹಂಗೆ ಮೂರು ಸಲ ಕೂಗು. ಹೊಸ ಕಟ್ಟಳೆ" ಎಂದ. ಬಳೆಗಾರ ಕೂಗಿದ. ಮೂರನೇ ಕೂಗಿಗೆ ಮಡಕೆ ಗುಟುಕ್ ಎಂದಿತು. ಜಂಬಯ್ಯ ಅದರ ಬಾಯಿಗೆ ಬಟ್ಟೆ ಬಿಗಿದ. "ಕೂಗು ಒತ್ತೆ ಇರಲಿ. ಹೋಗುವಾಗ ಇಸ್ಕೊಂಡು ಹೋಗು."

ಬಳೆಗಾರ ಬೀದಿಗೆ ಹೋಗಿ ಬಾಯಿ ತೆರೆದ. ಬರೀ ಗಾಳಿ. ಕದ ಬಡಿದ. ಒಳಗಿನವರು ಅಗುಳಿ ಬಿಗಿ ಮಾಡಿಕೊಂಡರು. ಅವನು ತಿರುಗಿ ಬರುವಾಗ ಬಿಸಿಲು ಇನ್ನೂ ಕೋಟೆ ಗೋಡೆ ಮೇಲಿತ್ತು. ಅವನು ಬರುವುದು ಕಂಡ ಕೂಡಲೇ ಜಂಬಯ್ಯ ಕಟ್ಟೆಯ ದೀಪ ಹಚ್ಚಿದ.

"ದೀಪ ಹಚ್ಚಾಯ್ತಲ್ಲಪ್ಪ. ಕಟ್ಟೆ ಮುಚ್ಚಿತು. ನಾಳೆ ಬಾ."

ನಾಳೆಯೂ ಅದೇ, ನಾಡಿದ್ದೂ ಅದೇ. ಆಮೇಲೆ ಚಾಪೆಯವನು ಬಂದ, ಅವನಿಗೂ ಅದೇ ಗತಿ. ಮೂರನೆಯವನು ಉಪ್ಪಿನ ಓಬಯ್ಯ. ಅವನ ಕೂಗೂ ಗುಟುಕ್.

ಬೀದಿ ಸತ್ತಂತಾಯಿತು. ಮಟಮಟ ಮಧ್ಯಾಹ್ನ ಕಟ್ಟೆ ಪಕ್ಕ ಹಾದುಹೋದರೆ ಸಣ್ಣಗೆ, ಬಾವಿಯ ತಳದಿಂದ ಬಂದ ಹಾಗೆ, ಯಾರೋ "ಬಳೇ..." ಅನ್ನುತ್ತಿದ್ದರು. ಸುತ್ತ ನೋಡಿದರೆ ಯಾರೂ ಇಲ್ಲ. ಊರವರು ತಲೆ ತಗ್ಗಿಸಿಕೊಂಡು ಬಂದು ಜಂಬಯ್ಯನ ಅಂಗಡಿಯಲ್ಲೇ ಕೊಂಡು, ಓಡಿ ಹೋಗುತ್ತಿದ್ದರು.

ಓಬಯ್ಯನ ಮನೆ ಕೋಟೆಯಿಂದ ಆಚೆ. ಹೆಂಡತಿ ತಿಪ್ಪಕ್ಕ. ಗಂಡ ಮಾತಿಲ್ಲದೆ ಮನೆಗೆ ಬಂದಾಗ ಅವಳು ಮೊದಲು ಮುನಿಸು ಅಂದುಕೊಂಡಳು. ಅವನು ಮುಂಗೈ ಮುದ್ರೆ ತೋರಿಸಿದ, ಅಡುಗೆಮನೆಯ ಮಡಕೆ ತೋರಿಸಿದ, ಮೂರು ಬೆರಳು ತೋರಿಸಿದ, ಗಂಟಲು ಹಿಸುಕಿಕೊಂಡ. ಮುದ್ರೆ ಬಿದ್ದವನು ಮೂರು ಸಲ ಕೂಗಿದರೆ ಮಡಕೆ ದನಿ ನುಂಗುತ್ತದೆ ಅಂತ ಆಗ ತಿಳಿಯಿತು. ಒಂದು ದಿನ ಮಗಳು ಕೆಂಚಿ ಬಾವಿಕಟ್ಟೆ ಹತ್ತಿ ಬಗ್ಗಿದಳು. ಓಬಯ್ಯ ದೂರದಿಂದ ನೋಡಿ ಬಾಯಿ ತೆರೆದ. ಏನೂ ಬರಲಿಲ್ಲ. ತಿಪ್ಪಕ್ಕ ಓಡಿಬಂದು ಲಂಗ ಹಿಡಿದೆಳೆದದ್ದಕ್ಕೆ ಕೂಸು ಉಳಿಯಿತು. ಓಬಯ್ಯ ಕೂತು ಅತ್ತ. ಅಳುವಿಗೂ ಸದ್ದಿರಲಿಲ್ಲ.

ಮರುದಿನ ತಿಪ್ಪಕ್ಕ ಖಾಲಿ ಬುಟ್ಟಿ ಹೊತ್ತು ಕೋಟೆಗೆ ಹೊರಟಳು.

"ಏನು ಮಾರ್ತೀಯವ್ವಾ?" ಎಂದ ಜಂಬಯ್ಯ, ಮುದ್ರೆ ಹಿಡಿದು.

"ಏನೂ ಇಲ್ಲ ಧಣಿ. ಕೊಳ್ಳೋಕೆ ಬಂದೀನಿ."

ಜಂಬಯ್ಯ ಕಲ್ಲಿನ ಕಡೆ ನೋಡಿದ. ಕೊಳ್ಳುವವರಿಗೆ ಕಟ್ಟಳೆಯೇ ಇರಲಿಲ್ಲ. ಬಿಟ್ಟ.

ತಿಪ್ಪಕ್ಕ ಮಡಕೆಗಳ ಪಕ್ಕ ಹಾದಳು. ಮೂರರ ಬಾಯಿ ಕಟ್ಟಿತ್ತು, ಕೊನೆಯದು ಬಾಯಿ ತೆರೆದುಕೊಂಡು ಕೂತಿತ್ತು. ಮೂರನೆಯದರ ಒಳಗಿಂದ "ಉಪ್ಪೋ..." ಅಂತ ಕೇಳಿಸಿತು. ಗಂಡನ ಕೂಗು, ಗಂಡನಿಲ್ಲ. ನಿಂತರೆ ಅತ್ತೇನು ಅಂತ ನಿಲ್ಲದೆ ನಡೆದು, ಬೀದಿಯ ಆಚೆ ಬದಿ ಕೂತಳು.

"ಏನೇನಿದೆ ಧಣಿ ಅಂಗಡೀಲಿ?"

"ಉಪ್ಪಿದೆ, ಬಳೆ ಇದೆ, ಚಾಪೆ ಇದೆ."

"ಕಿವಿ ಮಂದ ನನಗೆ. ಕೂಗಿ ಹೇಳಿ."

ಜಂಬಯ್ಯ ಕೂಗಿದ. "ಇನ್ನೊಂದ್ಸಲ" ಎಂದಳು. ಮತ್ತೆ ಕೂಗಿದ.

"ಅಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಇಷ್ಟೇನಾ ದನಿ? ನಮ್ಮೂರ ಕಪ್ಪೆ ವಾಸಿ."

ಜಂಬಯ್ಯನಿಗೆ ರೇಗಿತು. ಎದೆ ಉಬ್ಬಿಸಿ, "ಉಪ್ಪೋ ಉಪ್ಪು, ಬಳೇ, ಚಾಪೇ" ಅಂತ ಕೋಟೆ ಗೋಡೆ ನಡುಗುವ ಹಾಗೆ ಕೂಗಿದ. ಮೂರಾಯಿತು.

ಎಷ್ಟೋ ದಿನದ ಮೇಲೆ ಬೀದಿಯಲ್ಲಿ ಕೂಗು. ಕದಗಳು ಒಂದೊಂದಾಗಿ ತೆರೆದವು. ಹೆಂಗಸರು ಬಂದು ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ಸಾಕಜ್ಜಿ, ಊರಿಗೇ ಹಿರಿಯಳು, ಕೋಲೂರಿಕೊಂಡು ಜಗಲಿ ಹತ್ತಿದಳು.

"ಕೂಗಿದ್ದು ಯಾರು?"

"ನಾನೇ ಅಜ್ಜಿ, ಜಂಬಯ್ಯ."

"ಮುದ್ರೆ ತೋರಿಸು."

"ಒತ್ತೋನೇ ನಾನು. ನನಗ್ಯಾತರ ಮುದ್ರೆ?"

"ಒಲೆ ಹಚ್ಚೋಳು ಅಂತ ಕೆಂಡ ಕೈ ಸುಡೋದು ಬಿಡುತ್ತೇನೋ?"

ತಿಪ್ಪಕ್ಕ ಆಚೆ ಬದಿಯಿಂದ ಮೆಲ್ಲಗೆ ಅಂದಳು, "ಬಿಡಿ ಅಜ್ಜಿ. ಧಣಿಗೆ ಮುದ್ರೆ ಹಾಕ್ಕೊಳ್ಳೋ ಯೋಗ್ಯತೆ ಇಲ್ಲವೇನೋ."

"ನನಗಿಲ್ಲವಾ?" ಎಂದ ಜಂಬಯ್ಯ, ಮುದ್ರೆ ಎತ್ತಿ ತನ್ನ ಮುಂಗೈ ಮೇಲೆ ಥಪ್ ಅಂತ ಒತ್ತಿದ.

ಕಟ್ಟೆ ಮೇಲೆ ಬಾಯಿ ತೆರೆದಿದ್ದ ಮಡಕೆ ಗುಟುಕ್ ಎಂದಿತು.

ಜಂಬಯ್ಯನ ತುಟಿ ಆಡಿತು, ದನಿ ಬರಲಿಲ್ಲ. ತಿಪ್ಪಕ್ಕ ಎದ್ದು ಬಂದು ಆ ಮಡಕೆಯ ಬಾಯಿಗೆ ಬಟ್ಟೆ ಬಿಗಿದಳು. ಅವನು ಹೆದರಿ ಮನೆಯೊಳಗೆ ಓಡಲು ಹೋದ. ಸಾಕಜ್ಜಿ ಹೊಸ್ತಿಲಿಗೆ ಕೋಲು ಅಡ್ಡ ಹಿಡಿದಳು. "ಮುದ್ರೆ ಬಿದ್ದವನು ಹೊಸ್ತಿಲು ದಾಟಬಾರದು." ಅವನು ತನ್ನ ಎದೆ ತೋರಿಸಿದ, ಮನೆ ತೋರಿಸಿದ. "ಯಾರ ಮನೇದಾದ್ರೂ" ಎಂದಳು ಅಜ್ಜಿ.

ಜಂಬಯ್ಯ ತಿಪ್ಪಕ್ಕನಿಗೆ ಕೈ ಮುಗಿದು ಮಡಕೆ ಕಡೆ ಬೆರಳು ಮಾಡಿದ. ಬಿಸಿಲು ಇನ್ನೂ ಗೋಡೆ ಮೇಲಿತ್ತು. ತಿಪ್ಪಕ್ಕ ಕಟ್ಟೆಯ ದೀಪ ಹಚ್ಚಿದಳು.

"ದೀಪ ಹಚ್ಚಾಯ್ತಲ್ಲ ಧಣಿ. ಕಟ್ಟೆ ಮುಚ್ಚಿತು. ನಾಳೆ ಬಾ."

ಹೆಂಗಸರು ಅವನನ್ನು ಕೋಟೆಯಿಂದ ಆಚೆ ಬಿಟ್ಟು ಕದ ಹಾಕಿದರು. ತಿಪ್ಪಕ್ಕ ಉಳಿದ ಮೂರು ಮಡಕೆಗಳ ಬಟ್ಟೆ ಬಿಚ್ಚಿದಳು. "ಬಳೇ" ಒಂದು ಕಡೆ ಹಾರಿತು, "ಚಾಪೇ" ಒಂದು ಕಡೆ. "ಉಪ್ಪೋ ಉಪ್ಪು" ಅವಳ ತಲೆಯ ಸುತ್ತ ಒಂದು ಸಲ ಸುತ್ತಿ, ಗೋಡೆ ಹಾರಿ ಮನೆಯ ದಾರಿ ಹಿಡಿಯಿತು. ಅವಳು ಅದೇ ಕದದೊಳಗಿನ ಸಣ್ಣ ದಿಡ್ಡಿಯಿಂದ ಹೊರಬಿದ್ದು ಮನೆ ಮುಟ್ಟುವಾಗ ಕೆಂಚಿ ಕುಣಿಯುತ್ತಾ ಎದುರು ಬಂದಳು.

"ಅವ್ವಾ, ಅಪ್ಪ ನನಗೆ ಬೈದ."

ರಾಜ ಮೂರು ಕಟ್ಟಳೆ ಹಾಗೇ ಉಳಿಸಿ, ಜಂಬಯ್ಯ ಹುಟ್ಟಿಸಿದ ಕೂಗಿನ ಕಟ್ಟಳೆ ತೆಗೆದುಹಾಕಿ, ಮುದ್ರೆಯನ್ನು ಸಾಕಜ್ಜಿಗೆ ಕೊಟ್ಟ. ಜಂಬಯ್ಯನನ್ನು ಹಗಲಲ್ಲಿ ಯಾರೂ ಮತ್ತೆ ಕಾಣಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಕೋಟೆಯ ಕದವನ್ನು ಯಾರೋ ಮೂರು ಸಲ ಬಡಿಯುತ್ತಿದ್ದರು. ಒಳಗಿನವರು "ಕೂಗು, ತೆಗೀತೀವಿ" ಅನ್ನುತ್ತಿದ್ದರು. ಆಚೆ ಕಡೆ ಬರೀ ಗಾಳಿ. ಕಟ್ಟೆ ಮೇಲಿನ ಮಡಕೆಯೊಳಗಿಂದ ಸಣ್ಣಗೆ ಕೇಳಿಸುತ್ತಿತ್ತು: "ನಾಳೆ ಬಾ... ನಾಳೆ ಬಾ..."

ಅದಕ್ಕೇ ಹೇಳೋದು: ದುಡಿಯುವವರ ಬಾಯಿ ಕಟ್ಟಲು ಮಾಡಿದ ಕಟ್ಟಳೆ, ಮಾಡಿದವನ ಹೊಸ್ತಿಲಿಗೂ ಒಂದು ದಿನ ಬಂದು ನಿಲ್ಲುತ್ತದೆ.

ಸರಿ, ಎದ್ದು ಮನೆಗೆ ಹೋಗಿ. ಯಾರಾದರೂ ಕದ ಬಡಿದರೆ, ಮೊದಲು ಕೂಗೋಕೆ ಹೇಳಿ.