ದರ್ಜಿಯ ಅಂಗಳದ ಬಿಸಿಲು

"ಗುರುಗಳೇ, ಪ್ರೀತಿಯಿಂದ ಮಾಡಿದ ಸೇವೆಯೂ ಕೆಲವೊಮ್ಮೆ ಮುಟ್ಟಬೇಕಾದವರನ್ನು ಮುಟ್ಟುವುದಿಲ್ಲ. ಅದೇಕೆ?" ಎಂದು ಮಹಾಲಿಂಗನೆಂಬ ಶಿಷ್ಯನು ಕೇಳಿದನು.

ಅವನು ಆ ವರ್ಷವೆಲ್ಲ ಮಠದ ಮುಪ್ಪಿನ ಸಾಧಕರೊಬ್ಬರ ಸೇವೆಗೆ ನಿಂತಿದ್ದನು. ಅವರ ಕೋಣೆಯನ್ನು ದಿನಕ್ಕೆ ಎರಡು ಸಲ ಸಾರಿಸುತ್ತಿದ್ದನು. ಆದರೂ ಅವರು ಈಚೆಗೆ ಅವನೊಡನೆ ಮಾತು ಬಿಟ್ಟಿದ್ದರು.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದನು. ಅವನ ಮನೆಯ ಹಿಂದೆ ಇಪ್ಪತ್ತು ಅಡಿಯ ಕಲ್ಲುಹಾಸಿನ ಅಂಗಳವಿತ್ತು. ಅಂಗಳದ ತೆಂಕಣಕ್ಕೆ ದರ್ಜಿಯ ಮನೆ, ಬಡಗಣಕ್ಕೆ ಒಬ್ಬ ಮುದುಕಿಯ ಮನೆ. ಎರಡು ಮನೆಗೂ ಅದೊಂದೇ ಅಂಗಳ.

ದರ್ಜಿಯ ಹೆಂಡತಿಗೆ ಮೊಣಕಾಲು ಬಾತು ನಡೆಯುವುದು ಕಷ್ಟವಾಯಿತು. ಬಾವಿಗೆ ಹೋಗುವುದು ನಿಂತಿತು, ನೆಂಟರ ಮನೆ ನಿಂತಿತು, ಕಡೆಗೆ ಬೀದಿಬಾಗಿಲಿಗೆ ಬರುವುದೂ ನಿಂತಿತು. ಅವಳ ಪಾಲಿಗೆ ಹೊರಗೆಂದರೆ ಆ ಹಿತ್ತಿಲ ಅಂಗಳವೊಂದೇ ಆಯಿತು. ದರ್ಜಿಗೆ ಹೆಂಡತಿಯ ಮೇಲೆ ಬಹಳ ಪ್ರೀತಿ. ಇನ್ನು ಮುಂದೆ ಅವಳು ಕಾಣುವುದು ಇಷ್ಟೇ ಜಾಗವಾದರೆ, ಇದನ್ನೇ ನಂದನವನ ಮಾಡಿಬಿಡುತ್ತೇನೆ ಎಂದುಕೊಂಡನು.

ನೆಲವೆಲ್ಲ ಕಲ್ಲು, ಅಗೆಯುವಂತಿಲ್ಲ. ಅವನು ಹಳೆಯ ಎಣ್ಣೆಡಬ್ಬಿಗಳನ್ನು ತಂದನು. ಬಾಯಿ ಒಡೆದ ಹರವಿಗಳನ್ನು ಕುಂಬಾರನಿಂದ ಕೇಳಿ ತಂದನು. ತಳಕ್ಕೆ ತೂತು ಕೊರೆದು, ತೂತಿನ ಮೇಲೆ ಓಡಿನ ಚೂರಿಟ್ಟು, ಕೆಮ್ಮಣ್ಣು, ಮರಳು, ಕೊಳೆತ ಗೊಬ್ಬರ ಕಲಸಿ ತುಂಬಿದನು. ಸೇವಂತಿಗೆ, ಮರುಗ, ದವನ, ಮಲ್ಲಿಗೆ ನೆಟ್ಟನು. ನೀರು ಬಸಿಯಲೆಂದು ಒಂದೊಂದು ಡಬ್ಬಿಯನ್ನೂ ಇಟ್ಟಿಗೆಯ ಮೇಲೆ ಏರಿಸಿದನು. ಅವುಗಳ ನಡುವೆ, ತನ್ನ ಮನೆಯ ಬದಿಗೆ, ಹೆಂಡತಿ ಕೂರಲು ಒಂದು ಕಲ್ಲಿನ ಆಸನ ಕಟ್ಟಿದನು. ಎಲ್ಲ ಸೇರಿ ಹನ್ನೊಂದು ಕುಂಡಗಳಾದವು.

ಒಂದು ದಿನ ಅವನು ಹೊಯ್ದ ನೀರು ಹರಿದು, ಮುದುಕಿ ಒಣಹಾಕಿದ್ದ ಹಪ್ಪಳದ ಚಾಪೆಯನ್ನು ನೆನೆಸಿತು. ಮುದುಕಿ ಬೈದಳು. ದರ್ಜಿಯೂ ಬೈದನು. ಮಾತು ಬೆಳೆಯಿತು. ದರ್ಜಿ ಒಳಗೆ ಹೋಗಿ ಅಳತೆಯ ಪಟ್ಟಿ ತಂದನು, ಅಂಗಳವನ್ನು ಅಳೆದು ಸರಿಯಾಗಿ ನಡುವೆ ಉಳಿಯಿಂದ ಗೀಟು ಕೆತ್ತಿದನು.

"ಈಚೆಗೆ ನಮ್ಮದು, ಆಚೆಗೆ ನಿಮ್ಮದು. ಇನ್ನು ನಮ್ಮ ಮನೆಯ ಹೆಜ್ಜೆ ಆಚೆ ಬೀಳುವುದಿಲ್ಲ" ಎಂದನು. ಮುದುಕಿ ಬಾಗಿಲು ಹಾಕಿಕೊಂಡಳು.

ಮಳೆಗಾಲ ಕಳೆಯಿತು. ಸೂರ್ಯ ತೆಂಕಣಕ್ಕೆ ವಾಲಿದನು. ಆಗ ದರ್ಜಿಯ ಮನೆಯ ನೆರಳು ದರ್ಜಿಯ ಪಾಲಿನ ಅಂಗಳದ ಮೇಲೆಯೇ ಬಿದ್ದಿತು. ಬೆಳಗಿನಿಂದ ಸಂಜೆಯವರೆಗೆ ಗೀಟಿನ ಈಚೆ ನೆರಳು, ಆಚೆ ಬಿಸಿಲು. ಸೇವಂತಿಗೆ ಮೊಗ್ಗು ಕಟ್ಟಿತು, ಅರಳಲಿಲ್ಲ. ಮಲ್ಲಿಗೆಯ ಎಲೆ ಹಳದಿಯಾಯಿತು. ದರ್ಜಿ ದಿನವೂ ಕುಂಡಗಳನ್ನು ಒಂದಿಷ್ಟು ತಿರುಗಿಸಿಟ್ಟು ನೋಡಿದನು. ಗೊಬ್ಬರ ಬದಲಿಸಿದನು. ಯಾವ ಗಿಡದ ಯಾವ ಕೊಂಬೆಯಲ್ಲಿ ಎಷ್ಟು ಎಲೆ ಉದುರಿತೆಂಬುದು ಅವನಿಗೆ ಬಾಯಿಪಾಠವಾಗಿತ್ತು.

ಹೆಂಡತಿಯನ್ನು ಕೈಹಿಡಿದು ತಂದು ಆಸನದ ಮೇಲೆ ಕೂರಿಸುತ್ತಿದ್ದನು. ಅವಳು ಕಂಬಳಿ ಹೊದ್ದು ಸ್ವಲ್ಪ ಹೊತ್ತು ಕೂತು, "ಚೆನ್ನಾಗಿದೆ. ಒಳಗೆ ಹೋಗೋಣ" ಎನ್ನುತ್ತಿದ್ದಳು. ದರ್ಜಿಗೆ ಮನಸ್ಸು ಮುದುಡುತ್ತಿತ್ತು. ಇನ್ನೂ ಚೆನ್ನಾಗಬೇಕು, ಆಗ ಕೂರುತ್ತಾಳೆ ಎಂದು ಮತ್ತೆ ಮಣ್ಣಿಗೆ ಕೈಯಿಕ್ಕುತ್ತಿದ್ದನು.

ಒಮ್ಮೆ ಅವಳು, "ಇಲ್ಲಿ ಸ್ವಲ್ಪ ಬಿಸಿಲು ಬಿದ್ದಿದ್ದರೆ ಎಷ್ಟು ಹಿತವಾಗುತ್ತಿತ್ತು" ಎಂದಳು.

"ನಿಜ. ಬಿಸಿಲಿಲ್ಲದೆ ಸೇವಂತಿಗೆ ಸೊರಗಿಹೋಯಿತು" ಎಂದು ದರ್ಜಿ ಹೇಳಿದನು.

ಅವಳು ಮತ್ತೆ ಆ ಮಾತೆತ್ತಲಿಲ್ಲ.

ಹೀಗೆ ಒಂದು ಚಳಿಗಾಲ ಹೋಯಿತು. ಎರಡನೆಯದು ಬಂದಿತು. ಮುದುಕಿಯ ಬಾಗಿಲು ತಟ್ಟಿ ಒಂದು ಮಾತು ಕೇಳಬಹುದಿತ್ತು. ದರ್ಜಿ ಎರಡು ಸಲ ಗೀಟಿನವರೆಗೆ ಹೋಗಿ ಹಿಂದಿರುಗಿದನು. ಗೀಟು ಹಾಕಿದವನೇ ಹೋಗಿ ಕೇಳುವುದೆಂದರೆ ಅವನಿಗೆ ನಾಲಿಗೆ ಏಳಲಿಲ್ಲ.

ಆ ಪುಷ್ಯಮಾಸದಲ್ಲಿ ಮುದುಕಿ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋದಳು. ಬಾಗಿಲಿಗೆ ಬೀಗ ಬಿದ್ದಿತು. ಮೂರು ದಿನ ದರ್ಜಿ ಆ ಬೀಗವನ್ನು ನೋಡಿದನು. ನಾಲ್ಕನೆಯ ಬೆಳಗ್ಗೆ ಒಂದು ಸೇವಂತಿಗೆಯ ಕುಂಡವನ್ನು ಎತ್ತಿ ಗೀಟಿನ ಆಚೆಗಿಟ್ಟನು. ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನದೊಳಗೆ ಹನ್ನೊಂದನ್ನೂ ಸಾಗಿಸಿದನು. ಹದಿನೈದು ದಿನದಲ್ಲಿ ಮೊಗ್ಗುಗಳು ಬಿಚ್ಚಿದವು. ಅಂಗಳದ ಆ ಭಾಗವೆಲ್ಲ ಹಳದಿಯಾಯಿತು.

ದರ್ಜಿಗೆ ಹಿಗ್ಗು ತಡೆಯಲಾಗಲಿಲ್ಲ. ಹೆಂಡತಿಯನ್ನು ಕರೆತಂದು ತನ್ನ ಪಾಲಿನ ಕಲ್ಲಿನ ಆಸನದಲ್ಲಿ ಕೂರಿಸಿ, "ನೋಡು" ಎಂದನು.

ಅವಳು ನೆರಳಿನಲ್ಲಿ ಕೂತು ಬಿಸಿಲಿನಲ್ಲಿದ್ದ ಹೂಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಅವುಗಳ ಜೊತೆಗೆ ನನ್ನನ್ನೂ ಅಲ್ಲಿ ಕೂರಿಸುತ್ತೀರಾ?" ಎಂದು ಕೇಳಿದಳು. "ಎರಡು ಚಳಿಗಾಲದಿಂದ ಈ ಕಲ್ಲಿನ ಮೇಲೆ ಕೂತು ಕೂತು ಕಾಲು ಮರಗಟ್ಟಿಹೋಗಿದೆ."

ದರ್ಜಿ ಬಗ್ಗಿ ಅವಳ ಪಾದ ಮುಟ್ಟಿದನು. ಅದು ನೆಲದ ಕಲ್ಲಿನಷ್ಟೇ ತಣ್ಣಗಿತ್ತು. ಉದುರಿದ ಎಲೆಗಳ ಲೆಕ್ಕ ಅವನಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಕೈಯನ್ನು ಅಲ್ಲಿಂದ ತೆಗೆಯಲು ಅವನಿಗೆ ನಾಚಿಕೆಯಾಯಿತು, ಇಟ್ಟುಕೊಂಡಿರಲೂ ನಾಚಿಕೆಯಾಯಿತು.

ಅವನು ಮಣೆ ತಂದು ಬಿಸಿಲಿನಲ್ಲಿಟ್ಟನು. ಹೆಂಡತಿಯನ್ನು ಎತ್ತಿಕೊಂಡು ಗೀಟು ದಾಟಿ ಕೂರಿಸಿದನು. ಅವಳು ಎರಡು ಕಾಲನ್ನೂ ಚಾಚಿ ಕಣ್ಣು ಮುಚ್ಚಿದಳು. ಹೂವಿನ ಕಡೆ ತಿರುಗಲಿಲ್ಲ. ಮಧ್ಯಾಹ್ನದವರೆಗೆ ಹಾಗೆಯೇ ಕೂತಿದ್ದಳು. ದರ್ಜಿ ಪಕ್ಕದಲ್ಲಿ ನೆಲದ ಮೇಲೆ ಕೂತನು. ಆ ಅಂಗಳದಲ್ಲಿ ಅವನು ಕೆಲಸವಿಲ್ಲದೆ ಕೂತದ್ದು ಅದೇ ಮೊದಲು.

ಮಾರನೆಯ ದಿನವೂ ಕೂತರು. ಅದರ ಮಾರನೆಯ ದಿನವೂ ಕೂತರು. ನಾಲ್ಕನೆಯ ದಿನ ಬೀಗ ತೆಗೆದ ಸದ್ದಾಯಿತು. ದರ್ಜಿ ಎಣಿಸಿದ್ದಕ್ಕಿಂತ ಮೊದಲೇ ಮುದುಕಿ ಹಿಂದಿರುಗಿದ್ದಳು. ಹಿತ್ತಿಲ ಬಾಗಿಲು ತೆರೆದು ನೋಡಿದರೆ ಅವಳ ಅಂಗಳದ ತುಂಬ ಕುಂಡಗಳು, ನಡುವೆ ದರ್ಜಿಯ ಹೆಂಡತಿ.

ದರ್ಜಿ ಎದ್ದು ನಿಂತನು. "ತಪ್ಪಾಯಿತು ಅಮ್ಮ. ಗೀಟು ಹಾಕಿದವನೂ ನಾನೇ, ಕೇಳದೆ ದಾಟಿದವನೂ ನಾನೇ" ಎಂದನು.

ಮುದುಕಿ ಅವನ ಕಡೆ ನೋಡಲಿಲ್ಲ. ಅವನ ಹೆಂಡತಿಯ ಬಾತ ಮೊಣಕಾಲನ್ನು ನೋಡಿ, "ಎಷ್ಟು ದಿನದಿಂದ ಹೀಗಿದೆ ತಂಗಿ?" ಎಂದು ಕೇಳಿದಳು.

"ಎರಡು ವರ್ಷದ ಮೇಲಾಯಿತು ಅಕ್ಕ."

"ಎದುರಿಗೇ ಇದ್ದೆನಲ್ಲ, ಒಂದು ಸಲ ಕೂಗಬಾರದಿತ್ತೇ?" ಎಂದು ಮುದುಕಿ ಗದರಿದಳು. ಆಮೇಲೆ ದರ್ಜಿಯ ಕಡೆ ತಿರುಗಿ, "ನಿನ್ನ ಡಬ್ಬಿಗಳನ್ನೆಲ್ಲ ಎತ್ತಿಕೊಳ್ಳಪ್ಪ. ನನಗೆ ಕಾಲಿಡಲು ಜಾಗವಿಲ್ಲ. ಆಕೆ ಇಲ್ಲೇ ಇರಲಿ" ಎಂದಳು.

ದರ್ಜಿ ಹನ್ನೊಂದು ಕುಂಡಗಳನ್ನೂ ಒಂದೊಂದಾಗಿ ಎತ್ತಿ ಮತ್ತೆ ನೆರಳಿಗೆ ತಂದಿಟ್ಟನು. ಅವನಿಗೆ ಬೇಸರವಾಗಲಿಲ್ಲ. ಮುದುಕಿ ಒಳಗಿನಿಂದ ಎಳ್ಳೆಣ್ಣೆ ಬಿಸಿಮಾಡಿ ತಂದು ಆಕೆಯ ಕಾಲಿಗೆ ಹಚ್ಚಲು ಕೂತಳು. ಅಂದಿನಿಂದ ದಿನವೂ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಇಬ್ಬರು ಹೆಂಗಸರೂ ಅಲ್ಲಿ ಕೂರುತ್ತಿದ್ದರು. ದರ್ಜಿ ಹೊಲಿಯುವ ಬಟ್ಟೆಯನ್ನು ಅಲ್ಲಿಗೇ ತಂದುಕೊಳ್ಳುತ್ತಿದ್ದನು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮಹಾಲಿಂಗನು, "ನೆರಳಿಗೆ ಹೋದ ಮೇಲೆ ಆ ಸೇವಂತಿಗೆ ಉಳಿಯಿತೇ ಗುರುಗಳೇ?" ಎಂದು ಕೇಳಿದನು.

ಗುರುಗಳು ಹೇಳಿದರು: "ಆಕೆಯ ಕಾಲು ಏನಾಯಿತೆಂದು ನೀನು ಕೇಳಲಿಲ್ಲ, ಮಹಾಲಿಂಗ."