ಅಧ್ಯಕ್ಷರು ಬರುವ ಹೊತ್ತು

ನೇಕಾರರ ಸಂಘದ ಅಧ್ಯಕ್ಷ ತಿಪ್ಪೇಶಪ್ಪನವರಿಗೆ ಗುಟ್ಟೆಂದರೆ ಪ್ರಾಣ. ಒಂದು ಬೆಳಿಗ್ಗೆ ಗುಮಾಸ್ತೆಯನ್ನು ಕರೆದರು.

"ಹೊಸ ಸೆರಗಿನ ವಿನ್ಯಾಸ ಇದು, ಹೊರಗಿನವರ ಕಣ್ಣಿಗೆ ಬೀಳಬಾರದು. ಫೈಲಿಗೆ ಬೀಗ ಹಾಕಿ ನಿರ್ದೇಶಕರ ಮೊಬೈಲಿಗೆಲ್ಲ ಕಳಿಸಮ್ಮ. ಪಾಸ್‌ವರ್ಡ್ ಬರೆಯಲೂ ಕೂಡದು, ಹೇಳಲೂ ಕೂಡದು. ಸಂಜೆಯೊಳಗೆ ಅವರೆಲ್ಲ ತೆರೆದು ನೋಡದಿದ್ದರೆ ನಾಳೆಯಿಂದ ನೀನು ಬರಬೇಡ."

"ಸರ್, ಆ ಹಿರಿಯರಿಗೆ ಫೋನ್ ಎತ್ತೋದು, ಇಡೋದು ಬಿಟ್ಟರೆ ಬೇರೇನೂ ಬರಲ್ಲ."

"ಅದು ನಿನ್ನ ತಲೆನೋವು."

ಗುಮಾಸ್ತೆ ಫೈಲಿಗೆ ಬೀಗ ಹಾಕಿದಳು. ಜೊತೆಗೆ ಒಂದು ಸಾಲು ಬರೆದು ಅಧ್ಯಕ್ಷರೂ ಸೇರಿದಂತೆ ಎಲ್ಲರಿಗೂ ಕಳಿಸಿದಳು: "ಹತ್ತು ಗಂಟೆಯ ಸಭೆಗೆ ನಮ್ಮ ಅಧ್ಯಕ್ಷರು ಬರುವ ಹೊತ್ತನ್ನು ನಾಲ್ಕು ಅಂಕಿಯಲ್ಲಿ ಒತ್ತಿರಿ."

ಮೊದಲು ಹಿರಿಯ ನಿರ್ದೇಶಕ ಹಂಪಜ್ಜನ ಫೋನು ಬಂತು. "ಒಂದೇ ಏಟಿಗೆ ತೆರೀತು ಮಗಳೇ! ಅವರು ಬರೋದು ಸಭೆಗೆ ಉಪ್ಪಿಟ್ಟು ಬರೋ ಹೊತ್ತಿಗೆ ತಾನೇ, ಹನ್ನೊಂದೂವರೆಗೆ?" ಊಟದ ಹೊತ್ತಿಗೆ ಉಳಿದವರೂ ನಗುತ್ತ ಫೋನು ಮಾಡಿ, ವಿನ್ಯಾಸ ಚೆನ್ನಾಗಿದೆ ಎಂದರು.

ಸಂಜೆ ಅಧ್ಯಕ್ಷರು ಬೆವರು ಒರೆಸುತ್ತ ಬಂದರು. "ಏನಮ್ಮ ಇದು? ಹತ್ತು ಗಂಟೆ ಅಂತ ಒತ್ತಿ ಒತ್ತಿ ಬೆರಳು ಸವೆಯಿತು, ತೆರೀತಾನೇ ಇಲ್ಲ!"

"ನಿರ್ದೇಶಕರೆಲ್ಲ ತೆರೆದರು ಸರ್."

"ಹಾಗಾದರೆ ಸರಿಯಾದ ಹೊತ್ತು ಯಾವುದು, ಹೇಳು!"

ಗುಮಾಸ್ತೆ ಕೈಮುಗಿದಳು. "ಅಯ್ಯೋ, ನನ್ನ ಬಾಯಿಂದ ಹೇಗೆ ಹೇಳಲಿ ಸರ್? ಹೇಳಕೂಡದು ಅಂತ ತಾವೇ ಅಂದಿದ್ದೀರಲ್ಲ!"